ಓದುಗರು ಕೇಳಿದ್ದು: ಅಲ್ಸಾಸ್‌ನ ದ್ರಾಕ್ಷಿ ಊರುಗಳಲ್ಲಿ ಸುತ್ತಾಟ

ಫ್ರಾನ್ಸಿನ ಪೂರ್ವದಂಚಿನಲ್ಲಿ, ವೋಜ್ ಬೆಟ್ಟಸಾಲಿಗೂ ರೈನ್ ನದಿಗೂ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಸೀಮೆ ಅಲ್ಸಾಸ್. ಉತ್ತರದ ಮಾರ್ಲೆನೈಮ್‌ನಿಂದ ದಕ್ಷಿಣದ ತಾನ್‌ವರೆಗೆ ಸುಮಾರು 170 ಕಿ.ಮೀ. ಉದ್ದದ ‘ವೈನ್ ಹಾದಿ’ಯನ್ನು 1953ರಲ್ಲಿ ಗುರುತಿಸಿದರು. ಬೆಟ್ಟದ ಬುಡಕ್ಕೆ ಅಂಟಿಕೊಂಡು, ಊರಿನಿಂದ ಊರಿಗೆ ಬಳಸಿಕೊಂಡು ಹೋಗುವ ಹಾದಿ ಅದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಊರುಗಳ ಬಗ್ಗೆಯೇ ಇದ್ದವು.

ನಾವು ದಂಪತಿ, ಇಬ್ಬರಿಗೂ ಅರವತ್ತು ದಾಟಿದೆ. ಪ್ಯಾರಿಸ್ ಮುಗಿಸಿಕೊಂಡು ಐದು ದಿನ ಅಲ್ಸಾಸ್‌ಗೆಂದು ಇಟ್ಟುಕೊಂಡಿದ್ದೇವೆ. ನೋಡಲೇಬೇಕಾದ ಹದಿಮೂರು ಹಳ್ಳಿಗಳ ಪಟ್ಟಿ ಕೈಯಲ್ಲಿದೆ. ಅಲ್ಲಿ ಕಾರು ಓಡಿಸುವ ಧೈರ್ಯವಿಲ್ಲ. ಎಲ್ಲಿ ಉಳಿಯುವುದು, ಹೇಗೆ ಸುತ್ತುವುದು?
— ಓದುಗರು, ಮೈಸೂರು

ಮೊದಲು ಆ ಪಟ್ಟಿಯಲ್ಲಿ ಎಂಟು ಹೆಸರಿಗೆ ಗೀಟು ಎಳೆಯಿರಿ. ಈ ಊರುಗಳು ಎರಡು-ಮೂರು ಕಿ.ಮೀ.ಗೊಂದರಂತೆ ಇವೆ, ನಿಜ. ನಕ್ಷೆ ನೋಡಿದವರಿಗೆ ಒಂದೇ ದಿನದಲ್ಲಿ ಆರು ಮುಗಿಸಬಹುದು ಅನ್ನಿಸುತ್ತದೆ, ಮುಗಿಸಲೂಬಹುದು. ಆದರೆ ಮೂರನೆಯ ಊರು ದಾಟುವಷ್ಟರಲ್ಲಿ ಮರದ ಚೌಕಟ್ಟಿನ ಮನೆ, ಕಿಟಕಿಯ ಜೆರೇನಿಯಂ ಹೂವು, ನಡುಬೀದಿಯ ಕಾರಂಜಿ ಎಲ್ಲ ಕಲಸಿಹೋಗಿ, ಮನೆಗೆ ಬಂದು ಫೋಟೊ ನೋಡಿದರೆ ಯಾವುದು ಯಾವ ಊರೆಂದು ಗೊತ್ತಾಗುವುದಿಲ್ಲ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು.

ಉಳಿಯಲು ಕೋಲ್ಮಾರ್ ಸರಿಯಾದ ಊರು. ಪ್ಯಾರಿಸ್‌ನ ಪೂರ್ವ ನಿಲ್ದಾಣದಿಂದ ನೇರ ಟಿಜಿವಿ (ಅತಿವೇಗದ) ರೈಲಿನಲ್ಲಿ ಸುಮಾರು 2 ಗಂಟೆ 20 ನಿಮಿಷ. ರೈಲು ನಿಲ್ದಾಣದಿಂದ ಹಳೇ ಪೇಟೆಗೆ ಕಾಲು ಗಂಟೆಯ ನಡಿಗೆ. ಹಳ್ಳಿಗಳ ಬಸ್ಸುಗಳೂ ನಿಲ್ದಾಣದ ಮುಂದಿನಿಂದಲೇ ಹೊರಡುತ್ತವೆ. ಹಾಗಾಗಿ ಇವೆರಡರ ನಡುವೆ ಕೋಣೆ ಹಿಡಿದರೆ ಕಾಲಿಗೆ ಸುಖ. ಸ್ಟ್ರಾಸ್‌ಬರ್ಗ್‌ನಲ್ಲಿ ಉಳಿದು ದಿನಾ ಓಡಾಡುವವರೂ ಇದ್ದಾರೆ. ಕೋಲ್ಮಾರ್‌ಗೆ ರೈಲು ಅರ್ಧ ಗಂಟೆಯದ್ದೇ ಆದರೂ ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕು, ಬೆಳಗು ಅಲ್ಲೇ ಕಳೆದುಹೋಗುತ್ತದೆ.

ಒಂದು ದಿನ ಕೋಲ್ಮಾರ್‌ಗೇ ಕೊಡಿ. ಅಲ್ಲಿನ ಉಂಟರ್‌ಲಿಂಡನ್ ಮ್ಯೂಸಿಯಂನಲ್ಲಿ ಗ್ರ್ಯೂನೆವಾಲ್ಡ್ ಎಂಬ ಕಲಾವಿದ 1512ರಿಂದ 1516ರ ಹೊತ್ತಿಗೆ ಬರೆದ ಇಸೆನ್‌ಹೈಮ್ ಪೂಜಾಪೀಠದ ಚಿತ್ರಗಳಿವೆ. ಅದೊಂದಕ್ಕೇ ಇಷ್ಟು ದೂರ ಬಂದರೂ ನಷ್ಟವಿಲ್ಲ. ಮಂಗಳವಾರ ಬಾಗಿಲು ಹಾಕಿರುತ್ತದೆ. ಎರಡನೆಯ ದಿನ ಎಗಿಸೈಮ್, ಸುಮಾರು 7 ಕಿ.ಮೀ., ಅರ್ಧ ದಿನ ಧಾರಾಳ. ಮೂರನೆಯ ದಿನ ರಿಕ್‌ವೀರ್ ಮತ್ತು ರಿಬೋವಿಲೆ. ನಾಲ್ಕನೆಯದು ಕೈಸರ್ಸ್‌ಬೆರ್ಗ್. ಕೊನೆಯ ದಿನ ಟುರ್ಕೈಮ್. ಇದಕ್ಕೆ ಬಸ್ಸಿನ ರಗಳೆ ಇಲ್ಲ, ಕೋಲ್ಮಾರ್‌ನಿಂದ ಮೆತ್ಸರಾಲ್ ಕಡೆಗೆ ಹೋಗುವ ಪುಟ್ಟ ರೈಲು ಊರ ಬಾಗಿಲಲ್ಲೇ ಇಳಿಸುತ್ತದೆ.

ಕಾರಿಲ್ಲದವರ ಯೋಜನೆ ಕೆಡುವುದು ಬಸ್ಸಿನ ವೇಳಾಪಟ್ಟಿಯ ಅಡಿಟಿಪ್ಪಣಿಯಲ್ಲಿ. ಅಂಕಿಗಳ ಮೇಲೆ ಸಣ್ಣಕ್ಷರದಲ್ಲಿ ‘ಪೆರಿಯೋದ್ ಸ್ಕೊಲೇರ್’ ಅಂತಿದ್ದರೆ ಆ ಬಸ್ಸು ಶಾಲೆ ಇರುವ ದಿನ ಮಾತ್ರ ಓಡುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅದಕ್ಕಾಗಿ ಕಾಯುತ್ತ ನಿಂತರೆ ನಿಂತಿದ್ದೇ ಬಂತು. ‘ಸೋಫ್ ದಿಮಾಂಶ್ ಎ ಫೆತ್’ ಅಂದರೆ ಭಾನುವಾರ ಮತ್ತು ಹಬ್ಬದ ದಿನ ಇಲ್ಲ. ಹೋಗುವ ಬಸ್ಸಿಗಿಂತ ಮೊದಲು ವಾಪಸು ಬರುವ ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳಿ. ಅದು ಸಂಜೆ ಆರರ ಆಸುಪಾಸಿಗೇ ಮುಗಿದಿರಬಹುದು. ಹಳ್ಳಿಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುವ ಟ್ಯಾಕ್ಸಿ ಇರುವುದಿಲ್ಲ, ಫೋನು ಮಾಡಿಯೇ ಕರೆಸಬೇಕು. ನಿಮ್ಮ ಐದು ದಿನದಲ್ಲಿ ಭಾನುವಾರ ಬಂದರೆ ಅದನ್ನು ಕೋಲ್ಮಾರ್‌ಗೋ ರೈಲಿರುವ ಟುರ್ಕೈಮ್‌ಗೋ ಮೀಸಲಿಡಿ.

ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಶನಿವಾರ ಹೊರಟು ಭಾನುವಾರ ರಾತ್ರಿ ವಾಪಸು, ಕಾರಿನಲ್ಲಿ. ಏನೇನು ಗಮನಿಸಬೇಕು?
— ಓದುಗರು, ಜರ್ಮನಿ

ಅಪ್ಪ-ಅಮ್ಮನ ವೀಸಾ ಷೆಂಗೆನ್‌ನದ್ದಾದ್ದರಿಂದ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಗಡಿ ದಾಟಲು ಬೇರೆ ಅನುಮತಿ ಬೇಕಿಲ್ಲ. ಆದರೂ ಪಾಸ್‌ಪೋರ್ಟ್ ಜೊತೆಗಿರಲಿ, ತಪಾಸಣೆ ಇರುತ್ತದೆ. ಅಲ್ಸಾಸ್ ಉದ್ದಕ್ಕೂ ಹೋಗುವ ಎ35 ಹೆದ್ದಾರಿಗೆ ಟೋಲ್ ಇಲ್ಲ. ಊರೊಳಗೆ ವೇಗಮಿತಿ 50, ಎಷ್ಟೋ ಹಳ್ಳಿಗಳಲ್ಲಿ 30. ಊರ ಹೊರಗಿನ ಎರಡು ಪಥದ ರಸ್ತೆಯಲ್ಲಿ ಸಾಮಾನ್ಯವಾಗಿ 80. ಜರ್ಮನಿಯಲ್ಲಿ 100ರಲ್ಲಿ ಹೋಗಿ ರೂಢಿಯಾದ ಕಾಲು ಇಲ್ಲಿ ಕ್ಯಾಮೆರಾಕ್ಕೆ ಸಿಗುತ್ತದೆ.

ಕೋಟೆಯೊಳಗಿನ ಬೀದಿಗೆ ಕಾರು ತರಬೇಡಿ. ರಿಕ್‌ವೀರ್, ಎಗಿಸೈಮ್, ಕೈಸರ್ಸ್‌ಬೆರ್ಗ್ ಮೂರಕ್ಕೂ ಗೋಡೆಯ ಹೊರಗೆ ದುಡ್ಡು ಕೊಟ್ಟು ನಿಲ್ಲಿಸುವ ಜಾಗಗಳಿವೆ. ಹಲವೆಡೆ ಯಂತ್ರ ನಿಮ್ಮ ಕಾರಿನ ನಂಬರ್ ಕೇಳುತ್ತದೆ. ಬಾಡಿಗೆ ಕಾರಾದರೆ ಇಳಿಯುವ ಮುಂಚೆಯೇ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ, ಯಂತ್ರದವರೆಗೆ ಹೋಗಿ ಮತ್ತೆ ಕಾರಿಗೆ ಓಡುವುದು ತಪ್ಪುತ್ತದೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಶನಿವಾರ ಹತ್ತೂವರೆ ದಾಟಿದ ಮೇಲೆ ರಿಕ್‌ವೀರ್‌ನಲ್ಲಿ ಜಾಗ ಸಿಗುವುದು ಕಷ್ಟ. ಒಂಬತ್ತೂವರೆಗೆ ಅಲ್ಲಿರಿ. ಪ್ರವಾಸಿ ಬಸ್ಸುಗಳು ಬರುವಷ್ಟರಲ್ಲಿ ನೀವು ಊರು ನೋಡಿ ಕಾಫಿಗೆ ಕೂತಿರಬೇಕು.

ವೈನ್ ಮನೆಗಳಿಗೆ ಹೋಗುವುದಿದ್ದರೆ ಶನಿವಾರವೇ ಹೋಗಿ. ಭಾನುವಾರ, ಅದರಲ್ಲೂ ಮಧ್ಯಾಹ್ನದ ಮೇಲೆ, ಸಣ್ಣ ಬೆಳೆಗಾರರು ಬಾಗಿಲು ಹಾಕಿರುತ್ತಾರೆ. ಒಂದು ವಿಷಯದಲ್ಲಿ ಜನ ಎಡವುತ್ತಾರೆ: ಫ್ರಾನ್ಸಿನ ಉಳಿದೆಡೆ ರಜೆಯಿಲ್ಲದ ಗುಡ್ ಫ್ರೈಡೆ ಮತ್ತು ಡಿಸೆಂಬರ್ 26 ಅಲ್ಸಾಸ್‌ನಲ್ಲಿ ಸಾರ್ವತ್ರಿಕ ರಜೆ. 1871ರಿಂದ 1918ರವರೆಗೆ ಇದು ಜರ್ಮನಿಯ ಕೈಯಲ್ಲಿದ್ದಾಗಿನ ಕೆಲವು ಕಾನೂನು ಈಗಲೂ ಉಳಿದುಕೊಂಡಿವೆ.

ಕುಡಿದು ಓಡಿಸುವ ವಿಚಾರ ಮುಂದೆ ವೈನ್ ರುಚಿಯ ಪ್ರಶ್ನೆಯಲ್ಲಿ ಬರುತ್ತದೆ, ಅದನ್ನು ಬಿಡದೆ ಓದಿ.

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಹೋಗಿ ಪ್ರಯೋಜನ ಉಂಟೆ?
— ಓದುಗರು, ದಾವಣಗೆರೆ

ಉಂಟು. ಗಾಣ ನೋಡಲು ಹೋದವರೆಲ್ಲ ಎಣ್ಣೆ ಕುಡಿಯುತ್ತಾರೆಯೇ? ಕೋಟೆ ಗೋಡೆ, ಚರ್ಚು, ಕೊಕ್ಕರೆ ಗೂಡು, ಬೆಟ್ಟದ ಮೇಲಿನ ಪಾಳು ದುರ್ಗ ಇವಕ್ಕೆ ವೈನ್ ಬೇಕಿಲ್ಲ. ಸಮುದ್ರಮಟ್ಟದಿಂದ 757 ಮೀಟರ್ ಎತ್ತರದಲ್ಲಿರುವ ಓ-ಕೋನಿಗ್ಸ್‌ಬುರ್ಗ್ ಕೋಟೆಯನ್ನು ಜರ್ಮನ್ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ 1900ರಿಂದ 1908ರ ನಡುವೆ ಹೊಸದಾಗಿ ಕಟ್ಟಿಸಿದಂತೆಯೇ ದುರಸ್ತಿ ಮಾಡಿಸಿದ. ಮಕ್ಕಳಿದ್ದರೆ ಅದನ್ನು ಬಿಡಬೇಡಿ. ಉನಾವೀರ್ ಹಳ್ಳಿಯಲ್ಲಿ ಕೊಕ್ಕರೆಗಳ ಪುನರ್ವಸತಿ ಕೇಂದ್ರವಿದೆ. 1970ರ ದಶಕದಲ್ಲಿ ಬೆರಳೆಣಿಕೆಯ ಜೋಡಿಗಳಿಗೆ ಇಳಿದಿದ್ದ ಬಿಳಿ ಕೊಕ್ಕರೆಗಳು ಈಗ ಎಷ್ಟೋ ಊರುಗಳ ಚಾವಣಿಯ ಮೇಲೆ ಕಾಣುತ್ತವೆ. ವೈನ್ ಮನೆಗೆ ಹೋದರೂ ಮುಜುಗರ ಬೇಡ. ಕೆಲವರು ಅದೇ ಹಣ್ಣಿನ ರಸವನ್ನೂ ಬಾಟಲಿ ತುಂಬುತ್ತಾರೆ. ‘ಜ್ಯೂ ದ ರೇಜಾಂ’ ಎಂದು ಕೇಳಿ.

ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹೊಟ್ಟೆಗೇನು?
— ಓದುಗರು, ಹುಬ್ಬಳ್ಳಿ

ಸತ್ಯ ಹೇಳಬೇಕೆಂದರೆ ಅಲ್ಸಾಸ್ ಅಡುಗೆ ಹಂದಿಯ ಸುತ್ತ ತಿರುಗುತ್ತದೆ. ಹುಳಿಗಟ್ಟಿಸಿದ ಎಲೆಕೋಸಿನ ಶುಕ್ರೂತ್ ಸಸ್ಯಾಹಾರದಂತೆ ಕಂಡರೂ ಸಾಮಾನ್ಯವಾಗಿ ಕೊಬ್ಬಿನಲ್ಲೇ ಬೇಯಿಸಿರುತ್ತಾರೆ. ಮೇಲಿನ ಮಾಂಸ ತೆಗೆದುಕೊಟ್ಟರೂ ಪ್ರಯೋಜನವಿಲ್ಲ. ಈರುಳ್ಳಿ ಟಾರ್ಟಿನಲ್ಲಿ ಮೊಟ್ಟೆ, ಸ್ಪೆಟ್ಸ್‌ಲೆ ಎಂಬ ಶಾವಿಗೆಯಂಥದರಲ್ಲಿ ಮೊಟ್ಟೆ, ಕೂಗಲೋಫ್ ಕೇಕಿನಲ್ಲೂ ಮೊಟ್ಟೆ. ಬ್ರೆಟ್ಜೆಲ್ ಎಂಬ ಗಂಟು ಹಾಕಿದ ಬ್ರೆಡ್ಡಿಗೆ ಹಿಟ್ಟು ನಾದುವಾಗ ಕೆಲವರು ಹಂದಿಕೊಬ್ಬು ಹಾಕುತ್ತಾರೆ, ಕೇಳಿಯೇ ಕೊಳ್ಳಿ.

ನಿಮ್ಮ ಕೈಹಿಡಿಯುವುದು ತಾರ್ತ್ ಫ್ಲಾಂಬೆ. ಅಲ್ಲಿಯವರ ಮಾತಿನಲ್ಲಿ ಫ್ಲಾಮೆಕೂಷೆ. ಹಿಂದೆ ಬ್ರೆಡ್ ಸುಡುವ ದಿನ ಒಲೆಯ ಕಾವು ಹದಕ್ಕೆ ಬಂತೇ ಎಂದು ನೋಡಲು ಒಂದಿಷ್ಟು ಹಿಟ್ಟು ತಟ್ಟಿ ಒಳಗೆ ತಳ್ಳುತ್ತಿದ್ದರು. ಅದೇ ಈಗ ತಿಂಡಿಯಾಗಿದೆ. ಹಿಟ್ಟು, ನೀರು, ಉಪ್ಪು, ಒಂಚೂರು ಎಣ್ಣೆ ಹಾಕಿ ಕಲಸಿ, ಜೋಳದ ರೊಟ್ಟಿಗಿಂತ ತೆಳ್ಳಗೆ ಲಟ್ಟಿಸಿ, ಮೇಲೆ ಕೆನೆ ಮತ್ತು ನೀರು ಬಸಿದ ಗಟ್ಟಿ ಮೊಸರಿನಂಥ ಚೀಸ್ ಸವರಿ, ಎಳೆಎಳೆಯಾಗಿ ಹೆಚ್ಚಿದ ಈರುಳ್ಳಿ ಉದುರಿಸುತ್ತಾರೆ. ಧಗಧಗ ಒಲೆಯಲ್ಲಿ ಕೆಲವೇ ನಿಮಿಷ. ಅಂಚು ಅಲ್ಲಲ್ಲಿ ಕರಕಲಾಗಿ ಮರದ ಹಲಗೆಯ ಮೇಲೆ ಬರುತ್ತದೆ. ತುಂಡು ಮಾಡಿ, ಸುರುಳಿ ಸುತ್ತಿ, ಕೈಯಲ್ಲೇ ತಿನ್ನುವುದು. ತೊಡಕು ಒಂದೇ: ರೂಢಿಯ ಪ್ರಕಾರ ಇದರ ಮೇಲೆ ಹಂದಿಯ ಸಣ್ಣ ತುಣುಕು ಇರುತ್ತದೆ. ‘ಸಾಂ ಲಾರ್ದೋಂ’ (ಹಂದಿ ತುಣುಕು ಬೇಡ) ಎಂದು ಹೇಳಲೇಬೇಕು. ಕೆನೆಗೆ ಹಳದಿ ಲೋಳೆ ಸೇರಿಸುವವರೂ ಇದ್ದಾರೆ, ಆದ್ದರಿಂದ ‘ಸಾಂಜ್ ಅಫ್’ (ಮೊಟ್ಟೆ ಬೇಡ) ಎಂದೂ ಸೇರಿಸಿ. ಪಟ್ಟಿಯಲ್ಲಿ ಅಣಬೆಯ ‘ಫೊರೆಸ್ತಿಯೇರ್’ ಕಂಡು ಸಸ್ಯಾಹಾರವೆಂದು ಹಿಗ್ಗಬೇಡಿ. ಸಾಮಾನ್ಯವಾಗಿ ಅದು ಹಂದಿ ತುಣುಕಿನ ಜೊತೆಗೇ ಅಣಬೆ. ಇನ್ನು ಕೆಲವು ಹೋಟೆಲುಗಳಲ್ಲಿ ಒಲೆ ಹೊತ್ತಿಸುವುದೇ ಸಂಜೆಗೆ, ಮಧ್ಯಾಹ್ನ ಕೇಳಿದರೆ ಇಲ್ಲ ಅನ್ನುತ್ತಾರೆ.

ಊಟದ ಹೊತ್ತು ಕಟ್ಟುನಿಟ್ಟು. 12ರಿಂದ 2, ಮತ್ತೆ 7ರಿಂದ 9. ಎರಡೂವರೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ, ಎಷ್ಟು ಗೋಗರೆದರೂ ತೆರೆಯುವುದಿಲ್ಲ. ‘ಕರಾಫ್ ದೋ’ ಎಂದು ಕೇಳಿದರೆ ನಲ್ಲಿ ನೀರು ಊಟದ ಜೊತೆ ಪುಕ್ಕಟೆ, ಬಾಟಲಿ ನೀರಿಗೆ ದುಡ್ಡು. ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಶೇಂಗಾ ಹೋಳಿಗೆ ಇಟ್ಟುಕೊಳ್ಳಿ. ಹೋಳಿಗೆಗೆ ತುಪ್ಪ ಬಳಿಯದೆ ಎಣ್ಣೆಯಲ್ಲಿ ಮಾಡಿಸಿ, ಏಕೆಂದರೆ ಭಾರತದಿಂದ ಹೋಗುವವರು ಯುರೋಪಿಯನ್ ಒಕ್ಕೂಟಕ್ಕೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಹಾಗಾಗಿ ತುಪ್ಪದ ಡಬ್ಬಿಯೂ ಇಲ್ಲ, ಧಾರವಾಡ ಪೇಡೆಯೂ ಇಲ್ಲ.

ನಮ್ಮದು ಆರು ಎಕರೆ ದ್ರಾಕ್ಷಿ. ಮಗಳು ಫ್ರಾನ್ಸಿನಲ್ಲಿ ಓದುತ್ತಾಳೆ. ಅಲ್ಲಿನ ತೋಟ ನೋಡಲು ಯಾವ ತಿಂಗಳು ಹೋಗಬೇಕು? ನಮ್ಮ ತೋಟಕ್ಕೂ ಅವರದಕ್ಕೂ ಏನು ವ್ಯತ್ಯಾಸ?
— ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ಕಾಯಿ ಬಳ್ಳಿಯ ಮೇಲಿರುವಾಗ ನೋಡಬೇಕೆಂದರೆ ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಕ್ರೆಮಾಂ ಎಂಬ ನೊರೆಗಟ್ಟುವ ವೈನ್‌ಗೆ ಬೇಕಾದ ಹಣ್ಣನ್ನು ಮೊದಲು ಕೊಯ್ಯುತ್ತಾರೆ, ಬಿಸಿ ಹೆಚ್ಚಿದ ವರ್ಷ ಆಗಸ್ಟ್ ಕೊನೆಗೇ ಶುರು. ರೀಸ್ಲಿಂಗ್ ಎಂಬ ತಳಿ ತಡವಾಗಿ ಹಣ್ಣಾಗುತ್ತದೆ. ಎಲೆ ಬಂಗಾರದ ಬಣ್ಣಕ್ಕೆ ತಿರುಗುವುದು ಅಕ್ಟೋಬರ್ ಉತ್ತರಾರ್ಧದಲ್ಲಿ, ಆಗ ಹಣ್ಣು ಬಹುಪಾಲು ಇಳಿದಿರುತ್ತದೆ.

ದೊಡ್ಡ ವ್ಯತ್ಯಾಸ ಚಾಟ್ನಿಯಲ್ಲಿ, ಅಂದರೆ ಬಳ್ಳಿಯ ಕಡ್ಡಿ ಸವರುವುದರಲ್ಲಿ ಇದೆ. ನೀವು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಕತ್ತರಿ ಹಾಕುತ್ತೀರಿ. ನಮ್ಮಲ್ಲಿ ಬಳ್ಳಿಗೆ ನಿದ್ದೆಗೆ ಜಾರುವಷ್ಟು ಚಳಿ ಇಲ್ಲವಲ್ಲ, ಅದಕ್ಕೇ ಒಂದು ಚಾಟ್ನಿ ಕಡ್ಡಿ ಬೆಳೆಸಲು, ಇನ್ನೊಂದು ಹಣ್ಣು ಹಿಡಿಸಲು. ಅಲ್ಸಾಸ್‌ನಲ್ಲಿ ನವೆಂಬರ್‌ಗೆ ಎಲೆ ಉದುರಿ ಬಳ್ಳಿ ತಾನಾಗಿಯೇ ಮಲಗುತ್ತದೆ. ಚಳಿಗಾಲವಿಡೀ ಒಂದೇ ಚಾಟ್ನಿ. ಹೋದ ವರ್ಷದ ಕಡ್ಡಿಗಳಲ್ಲಿ ಒಂದೆರಡು ಮಾತ್ರ ಉಳಿಸಿ ಮಿಕ್ಕಿದ್ದೆಲ್ಲ ಕತ್ತರಿಸಿ, ಉಳಿದ ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ ಕೆಳಗಿನ ತಂತಿಗೆ ಕಟ್ಟುತ್ತಾರೆ. ಇದನ್ನು ಮಾರ್ಚ್ ಹೊತ್ತಿಗೆ, ರಸ ಏರತೊಡಗಿದ ಮೇಲೆ, ಗಾಳಿಯಲ್ಲಿ ತೇವವಿರುವ ದಿನ ನೋಡಿ ಮಾಡುತ್ತಾರೆ. ಒಣಹವೆಯಲ್ಲಿ ಬಗ್ಗಿಸಿದರೆ ಕಡ್ಡಿ ಲಟಕ್ಕೆಂದು ಮುರಿದು ಆ ವರ್ಷದ ಫಸಲೇ ಹೋಗುತ್ತದೆ. ಏಪ್ರಿಲ್‌ನಲ್ಲಿ ಚಿಗುರು, ಜೂನ್‌ನಲ್ಲಿ ಹೂ, ಹೂ ಬಿಟ್ಟು ಸುಮಾರು ನೂರು ದಿನಕ್ಕೆ ಕೊಯ್ಲು. ನೀವು ಅಕಾಲ ಮಳೆಗೆ ಹೆದರುವಂತೆ ಅವರು ಏಪ್ರಿಲ್ ಕೊನೆಯ ಹಿಮಕ್ಕೆ ಹೆದರುತ್ತಾರೆ. ಒಂದೇ ರಾತ್ರಿ ಚಿಗುರು ಕಪ್ಪಾಗಿಬಿಡುತ್ತದೆ.

ಒಂದು ಮಾತ್ರ ನಿಮ್ಮೂರಿನ ಹಾಗೆಯೇ. ನಮಗೆ ಸಹ್ಯಾದ್ರಿ ಹೇಗೋ ಅವರಿಗೆ ವೋಜ್ ಬೆಟ್ಟ ಹಾಗೆ. ಪಡುವಣದ ಮೋಡ ಬೆಟ್ಟದ ಮೇಲೇ ಸುರಿದು ಬರಿದಾಗುತ್ತದೆ. ನೆತ್ತಿಯಲ್ಲಿ ವರ್ಷಕ್ಕೆ 2,000 ಮಿ.ಮೀ. ಆಸುಪಾಸು ಮಳೆಯಾದರೆ ಬುಡದ ಕೋಲ್ಮಾರ್‌ಗೆ 600 ಮಿ.ಮೀ. ಒಳಗೆ, ಹೆಚ್ಚುಕಡಿಮೆ ವಿಜಯಪುರದಷ್ಟೇ. ಫ್ರಾನ್ಸಿನ ಅತ್ಯಂತ ಒಣ ಊರುಗಳಲ್ಲಿ ಅದೊಂದು. ಅಲ್ಲಿನ ಬಳ್ಳಿಗೆ ಚಪ್ಪರವಿಲ್ಲ, ಇಳಿಜಾರಿನಲ್ಲಿ ಕಂಬ-ತಂತಿಯ ಸಾಲು. ಬಿಸಿಲು ಎಲೆಯ ಇಬ್ಬದಿಗೂ ಬೀಳಲೆಂದು. ನಿಮಗೆ ಚಪ್ಪರ ಬೇಕಾದದ್ದು ಹಣ್ಣು ಸುಡದಿರಲೆಂದು.

ಕೊಯ್ಲಿನ ಕಾಲಕ್ಕೆ ಹೋದರೆ ಎರಡು ಅಡಚಣೆ. ಬೆಳೆಗಾರರಿಗೆ ನಿಂತು ಮಾತಾಡಲು ಪುರುಸೊತ್ತಿರುವುದಿಲ್ಲ, ಮಗಳಿಂದ ಮೊದಲೇ ಬರೆಸಿ ಹೊತ್ತು ಗೊತ್ತು ಮಾಡಿಕೊಳ್ಳಿ. ಎರಡನೆಯದು, ಕೆಲವು ಊರುಗಳಲ್ಲಿ ಆ ವಾರಗಳಲ್ಲಿ ತೋಟದ ನಡುವಿನ ಕಾಲುದಾರಿ ಮುಚ್ಚಿ ಫಲಕ ಹಾಕಿರುತ್ತಾರೆ. ಒಂದು ಗೊಂಚಲು ಕಿತ್ತರೇನಂತೆ ಎಂದು ಕೈಹಾಕುವ ಪ್ರವಾಸಿಗರಿಂದಲೂ ಬಂದ ನಿಯಮ ಅದು. ನಿಮಗೆ ಬಿಡಿಸಿ ಹೇಳಬೇಕಿಲ್ಲ.

ವೈನ್ ರುಚಿ ನೋಡುವ ಕ್ರಮ ಹೇಗೆ? ಕೊಳ್ಳಲೇಬೇಕೆ? ಬಾಟಲಿ ಮೇಲೆ ಬರೆದದ್ದು ಅರ್ಥವಾಗುವುದು ಹೇಗೆ?
— ಓದುಗರು, ಬೆಂಗಳೂರು

ಫ್ರಾನ್ಸಿನ ಉಳಿದ ಸೀಮೆಗಳಲ್ಲಿ ಬಾಟಲಿ ಮೇಲೆ ಊರಿನ ಹೆಸರು ಎದ್ದು ಕಂಡರೆ ಅಲ್ಸಾಸ್‌ನಲ್ಲಿ ಹಣ್ಣಿನ ತಳಿಯ ಹೆಸರು ಕಾಣುತ್ತದೆ. ಹೊಸಬರಿಗೆ ಇದೇ ದೊಡ್ಡ ಅನುಕೂಲ. ಏಳು ಹೆಸರು ನೆನಪಿದ್ದರೆ ಸಾಕು: ಸಿಲ್ವನೇರ್, ಪಿನೊ ಬ್ಲಾಂ, ರೀಸ್ಲಿಂಗ್, ಮಸ್ಕ, ಪಿನೊ ಗ್ರಿ, ಗೆವುರ್ಜ್‌ತ್ರಾಮಿನೇರ್, ಮತ್ತು ಕೆಂಪಿಗೆ ಪಿನೊ ನ್ವಾರ್ ಒಂದೇ. ‘ಗ್ರಾಂ ಕ್ರೂ’ ಅಂತಿದ್ದರೆ ಗುರುತಿಸಲ್ಪಟ್ಟ 51 ಇಳಿಜಾರುಗಳಲ್ಲಿ ಒಂದರ ಹಣ್ಣು. ಎತ್ತರದ ಸಪೂರ ಬಾಟಲಿ ಇಲ್ಲಿ ಕಾನೂನಿನ ಪ್ರಕಾರವೇ ಕಡ್ಡಾಯ.

ಹಿಂದೆ ಇದ್ದ ತಕರಾರು ಸಿಹಿಯದ್ದು. ರೀಸ್ಲಿಂಗ್ ಎಂದು ಒಯ್ದು ಮನೆಯಲ್ಲಿ ಬಿಚ್ಚಿದರೆ ಪಾನಕದಂತಿರುತ್ತಿತ್ತು. 2021ರ ಬೆಳೆಯಿಂದ ಎಷ್ಟು ಸಿಹಿ ಎಂದು ಬಾಟಲಿ ಮೇಲೆ ಬರೆಯುವುದು ಕಡ್ಡಾಯವಾಯಿತು. ‘ಸೆಕ್’ ಎಂದರೆ ಲೀಟರಿಗೆ ಸಾಮಾನ್ಯವಾಗಿ 4 ಗ್ರಾಂ ಸಕ್ಕರೆಯೊಳಗೆ (ಹುಳಿ ಜಾಸ್ತಿಯಿದ್ದರೆ ತುಸು ಹೆಚ್ಚಿಗೂ ಅವಕಾಶ), ‘ದ್ಮಿ-ಸೆಕ್’ 12ರವರೆಗೆ, ‘ಮ್ವಾಲೆ’ 45ರವರೆಗೆ, ಅದಕ್ಕೂ ಮೇಲೆ ‘ದೂ’.

ರುಚಿ ನೋಡುವಾಗ ಒಣದಿಂದ (ಅಂದರೆ ಸಿಹಿಯಿಲ್ಲದ್ದರಿಂದ) ಸಿಹಿಗೆ ಹೋಗಬೇಕು. ಸಿಲ್ವನೇರ್ ಅಥವಾ ಪಿನೊ ಬ್ಲಾಂ, ಆಮೇಲೆ ರೀಸ್ಲಿಂಗ್, ಪಿನೊ ಗ್ರಿ, ಕೊನೆಗೆ ಗುಲಾಬಿ ಮತ್ತು ಲಿಚಿ ಹಣ್ಣಿನ ಘಮದ ಗೆವುರ್ಜ್‌ತ್ರಾಮಿನೇರ್. ತಡವಾಗಿ ಕೊಯ್ದ ಹಣ್ಣಿನ ‘ವಾಂದಾಂಜ್ ತಾರ್ದಿವ್’ ಎಲ್ಲಕ್ಕಿಂತ ಕಡೆಗೆ. ಕ್ರಮ ತಪ್ಪಿಸಿ ಮೊದಲೇ ಸಿಹಿಯದು ಕುಡಿದರೆ ಆಮೇಲಿನ ರೀಸ್ಲಿಂಗ್ ಬರೀ ನಿಂಬೆಹುಳಿ ಅನ್ನಿಸುತ್ತದೆ. ಬೂಂದಿಲಾಡು ತಿಂದು ಕಾಫಿ ಕುಡಿದ ಹಾಗೆ. ಸೆಂಟು ಹಾಕಿಕೊಂಡು ಹೋಗಬೇಡಿ, ನಿಮಗಷ್ಟೇ ಅಲ್ಲ, ಪಕ್ಕದವರಿಗೂ ವೈನಿನ ವಾಸನೆ ಸಿಗುವುದಿಲ್ಲ.

ಈಗ ಲೆಕ್ಕ. ಆರು ಬಗೆ, ಒಂದೊಂದು 30 ಮಿ.ಲೀ. ಅಂದರೆ 180 ಮಿ.ಲೀ. ಶೇ 13ರ ವೈನಾದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 18 ಗ್ರಾಂ ದಾಟುತ್ತದೆ. ಫ್ರಾನ್ಸಿನಲ್ಲಿ 10 ಗ್ರಾಂಗೆ ಒಂದು ಗ್ಲಾಸು ಎಂದು ಎಣಿಕೆ. ಒಂದು ಗ್ಲಾಸಿಗೆ ರಕ್ತದಲ್ಲಿ ಲೀಟರಿಗೆ ಸುಮಾರು 0.20ರಿಂದ 0.25 ಗ್ರಾಂ ಏರುತ್ತದೆ. ಮೈ ಹಗುರ ಇದ್ದವರಿಗೆ ಇನ್ನೂ ಹೆಚ್ಚು. ಕಾನೂನಿನ ಮಿತಿ 0.5 ಗ್ರಾಂ, ಹೊಸ ಚಾಲಕರಿಗೆ 0.2. ಅಂದರೆ ಒಂದೇ ಮನೆಯಲ್ಲಿ ‘ಬರೀ ರುಚಿ ನೋಡಿದ್ದು’ ಎಂಬುವಷ್ಟರಲ್ಲೇ ನೀವು ಮಿತಿಯ ಅಂಚಿನಲ್ಲಿರುತ್ತೀರಿ. ಅದಕ್ಕೇ ಮೇಜಿನ ಮೇಲೆ ಉಗುಳುವ ಪಾತ್ರೆ ಇರುವುದು, ಅದರ ಹೆಸರು ‘ಕ್ರಾಶ್ವಾರ್’. ನಮ್ಮ ಕಣ್ಣಿಗೆ ಅಸಹ್ಯವೆನಿಸಬಹುದು. ಅಲ್ಲಿ ಉಗುಳುವವರನ್ನೇ ಬಲ್ಲವರೆಂದು ತಿಳಿಯುತ್ತಾರೆ. ಸೈಕಲ್‌ನಲ್ಲಿ ಹೋದರೆ ಬಚಾವ್ ಎಂದುಕೊಳ್ಳಬೇಡಿ, ಇದೇ ಮಿತಿ ಸೈಕಲ್ ಸವಾರರಿಗೂ ಇದೆ.

ಸಣ್ಣ ಬೆಳೆಗಾರರಲ್ಲಿ ರುಚಿ ನೋಡಲು ಎಷ್ಟೋ ಕಡೆ ದುಡ್ಡು ಕೇಳುವುದಿಲ್ಲ. ಹಾಗಿದ್ದಾಗ ಇಬ್ಬರು ಅರ್ಧ ಗಂಟೆ ಕೂತು ಬರಿಗೈಲಿ ಎದ್ದು ಬರುವುದು ಒಪ್ಪುವುದಿಲ್ಲ. ಒಂದೆರಡು ಬಾಟಲಿ ಕೊಂಡರೆ ಮರ್ಯಾದೆ. ದುಡ್ಡು ಕೊಟ್ಟು ರುಚಿ ನೋಡಿದ್ದರೆ ಆ ಹಂಗಿಲ್ಲ. ಒಳಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಅನ್ನುವುದು ಮಾತ್ರ ಮರೆಯಬೇಡಿ. ಅದಿಲ್ಲದೆ ನೇರ ಪ್ರಶ್ನೆಗೆ ಇಳಿದರೆ ಮುಖ ಬಿಗಿಯುತ್ತದೆ. ಮಧ್ಯಾಹ್ನ 12ರಿಂದ 2 ಅವರ ಊಟದ ಹೊತ್ತು.

ಎಗಿಸೈಮ್, ರಿಕ್‌ವೀರ್, ಕೈಸರ್ಸ್‌ಬೆರ್ಗ್. ಒಂದೇ ನೋಡಲು ಸಮಯವಿದ್ದರೆ ಯಾವುದು? ಮಿತ್ತಲ್‌ವೀರ್, ಬೆನ್‌ವೀರ್ ಯಾಕೆ ಹೊಸ ಬಡಾವಣೆಯಂತೆ ಕಾಣುತ್ತವೆ?
— ಓದುಗರು, ಮಂಗಳೂರು

ನಮ್ಮ ಓಟು ಕೈಸರ್ಸ್‌ಬೆರ್ಗ್‌ಗೆ. ನಡುವೆ ಹೊಳೆ, ಅದರ ಮೇಲೆ 16ನೇ ಶತಮಾನದ ಕೋಟೆಗೋಡೆಯ ಸೇತುವೆ, ಹತ್ತಿ ಇಳಿಯಲು ಪಾಳು ದುರ್ಗ, ಜೊತೆಗೆ ಜನ ನಿಜವಾಗಿ ಬಾಳುವೆ ಮಾಡುವ ಬೀದಿಗಳು. 1952ರ ಶಾಂತಿ ನೊಬೆಲ್ ಪಡೆದ ಆಲ್ಬರ್ಟ್ ಶ್ವೈಟ್ಸರ್ 1875ರಲ್ಲಿ ಹುಟ್ಟಿದ್ದು ಇಲ್ಲೇ. ಎಗಿಸೈಮ್‌ನ ಬೀದಿಗಳು ಈರುಳ್ಳಿ ಸುರುಳಿಯಂತೆ ಒಂದರೊಳಗೊಂದು ಸುತ್ತುತ್ತವೆ. ಹೊರಸುತ್ತಿನ ಓಣಿಯಲ್ಲಿ ಒಮ್ಮೆ ಪೂರ್ತಿ ಸುತ್ತು ಹಾಕಿದರೆ ಇಪ್ಪತ್ತು ನಿಮಿಷ. ಬೆಳಗ್ಗೆ ಒಂಬತ್ತಕ್ಕೋ ಸಂಜೆ ಆರಕ್ಕೋ ಹೋದರೆ ಅದರಷ್ಟು ಚೆಂದದ್ದು ಇನ್ನೊಂದಿಲ್ಲ, ನಡುಮಧ್ಯಾಹ್ನ ಬರೀ ಸೆಲ್ಫಿ ಕೋಲುಗಳು. ರಿಕ್‌ವೀರ್‌ನಲ್ಲಿ 1291ರ ಡೋಲ್ಡರ್ ಗೋಪುರವಿದೆ. ಅದರ ಹೆಬ್ಬೀದಿ ಈಗ ಹೆಚ್ಚುಪಾಲು ಅಂಗಡಿ ಸಾಲು, ಅಕ್ಕಪಕ್ಕದ ಸಂದಿಗಳಿಗೆ ತಿರುಗಿದರೆ ಮಾತ್ರ ಊರು ಸಿಗುತ್ತದೆ.

ಮಿತ್ತಲ್‌ವೀರ್, ಬೆನ್‌ವೀರ್, ಸಿಗೋಲ್ಸೈಮ್, ಅಮ್ಮೆರ್ಶ್‌ವೀರ್ ಹೊಸದಾಗಿ ಕಾಣುವುದು ಅವು ಹೊಸದಾಗಿಯೇ ಕಟ್ಟಿದವಾದ್ದರಿಂದ. 1944ರ ಕೊನೆಯಿಂದ 1945ರ ಫೆಬ್ರವರಿವರೆಗೆ ಕೋಲ್ಮಾರ್ ಸುತ್ತ ನಡೆದ ಕದನದಲ್ಲಿ ಅವು ನೆಲಸಮವಾದವು. ಎರಡೇ ಕಿ.ಮೀ. ಆಚೆಗಿನ ರಿಕ್‌ವೀರ್ ಉಳಿದುಕೊಂಡಿತು. ಸಿಗೋಲ್ಸೈಮ್ ಮೇಲಿನ ಗುಡ್ಡದಲ್ಲಿ ಸೈನಿಕರ ಸಮಾಧಿಗಳಿವೆ. ಉತ್ತರ ಆಫ್ರಿಕಾದಿಂದ ಬಂದು ಸತ್ತವರವೂ ಇವೆ. ಸುತ್ತಲೂ ದ್ರಾಕ್ಷಿ ಸಾಲು, ಪ್ರವಾಸಿಗರು ಕಡಿಮೆ. ಅಂದಹಾಗೆ ಹೆಸರಿನ ಕೊನೆಯ ‘ವೀರ್’ಗೂ ನಮ್ಮ ವೀರರಿಗೂ ನಂಟಿಲ್ಲ. ಲ್ಯಾಟಿನ್‌ನ ತೋಟದಮನೆಯ ಪದದಿಂದ ಬಂದದ್ದು. ‘ಹೈಮ್’ ಅಂದರೆ ಮನೆ. ನಮ್ಮ ಹಳ್ಳಿ, ಪಾಳ್ಯ, ದೊಡ್ಡಿ ಇದ್ದಂತೆ.

ಚಾರಣ ಅಭ್ಯಾಸವಿದೆ. ಊರಿಂದ ಊರಿಗೆ ನಡೆದು ಹೋಗಬಹುದಾ?
— ಓದುಗರು, ಶಿವಮೊಗ್ಗ

ನಡೆದೇ ಹೋಗಬೇಕು. ಬೆಳಗಿನ ಬಸ್ಸಿಗೆ ರಿಕ್‌ವೀರ್‌ನಲ್ಲಿ ಇಳಿದು, ಊರು ನೋಡಿ, ದ್ರಾಕ್ಷಿ ಸಾಲಿನ ನಡುವಿನ ದಾರಿಯಲ್ಲಿ ಉನಾವೀರ್‌ಗೆ ಸುಮಾರು 2 ಕಿ.ಮೀ. ಅಲ್ಲಿನ ಚರ್ಚಿಗೆ ಆರು ಮೂಲೆಯ ಕೋಟೆಗೋಡೆ ಇದೆ. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಂದೇ ಕಟ್ಟಡವನ್ನು ಸರದಿಯಲ್ಲಿ ಬಳಸುತ್ತಾರೆ. ಅಲ್ಲಿಂದ ರಿಬೋವಿಲೆಗೆ ಮತ್ತೆ ಎರಡೂವರೆ ಕಿ.ಮೀ. ನಿಂತು ನಿಂತು ನಡೆದರೂ ಎರಡು ಗಂಟೆ. ನೆರಳು ಕಡಿಮೆ, ಆದ್ದರಿಂದ ಬೇಸಿಗೆಯಲ್ಲಿ ಟೋಪಿ, ಒಬ್ಬರಿಗೆ ಒಂದೂವರೆ ಲೀಟರ್ ನೀರು. ಕಾಲಲ್ಲಿ ಕಸುವಿದ್ದರೆ ರಿಬೋವಿಲೆ ಮೇಲಿನ ಮೂರು ದುರ್ಗಗಳಲ್ಲಿ ಸೇಂಟ್ ಉಲ್ರಿಕ್‌ವರೆಗಾದರೂ ಹತ್ತಿ. ಸುಮಾರು 300 ಮೀಟರ್ ಏರು, ಒಂದು ಗಂಟೆ. ಕೊಡಚಾದ್ರಿ ಹತ್ತಿದವರಿಗೆ ಇದು ಲೆಕ್ಕಕ್ಕಿಲ್ಲ, ಆದರೆ ಮಳೆ ಬಿದ್ದ ಮರುದಿನ ಒದ್ದೆ ಎಲೆಯ ಮೇಲೆ ಜಾರುತ್ತದೆ.

ಡಿಸೆಂಬರ್‌ನಲ್ಲಿ ಮಕ್ಕಳ ಜೊತೆ ಕ್ರಿಸ್‌ಮಸ್ ಸಂತೆಗೆ?
— ಓದುಗರು, ತುಮಕೂರು

ಹೋಗಿ, ವಾರದ ನಡುವೆ ಹೋಗಿ. ಕೈಸರ್ಸ್‌ಬೆರ್ಗ್ ಸಂತೆ ಮಾತ್ರ ಕ್ರಿಸ್‌ಮಸ್‌ಗೆ ಮುಂಚಿನ ವಾರಾಂತ್ಯಗಳಲ್ಲಷ್ಟೇ ನಡೆಯುತ್ತದೆ. ಶನಿವಾರ ಮಧ್ಯಾಹ್ನ ರಿಕ್‌ವೀರ್‌ಗೆ ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಹೋಗುವುದು ಜಾತ್ರೆಯ ತೇರುಬೀದಿಗೆ ಹೋದಂತೆ, ನೆಲವೂ ಉರುಟುಗಲ್ಲಿನದು. ನಾಲ್ಕೂವರೆಗೇ ಕತ್ತಲು. ಮಕ್ಕಳಿಗೆ ಬಿಸಿ ಸೇಬಿನ ರಸ ಕೊಡಿಸಿ. ಲೋಟಕ್ಕೆ ಠೇವಣಿ ಹಿಡಿದುಕೊಳ್ಳುತ್ತಾರೆ, ಹಿಂದಿರುಗಿಸಿದರೆ ದುಡ್ಡು ವಾಪಸು. ಜನವರಿಯಲ್ಲಿ ಅಗ್ಗವೆಂದು ಹೋದರೆ ಅರ್ಧಕ್ಕರ್ಧ ಹೋಟೆಲು ಬಾಗಿಲು ಹಾಕಿರುತ್ತವೆ.

ಎಷ್ಟು ಬಾಟಲಿ ತರಬಹುದು?
— ಓದುಗರು, ಉಡುಪಿ

ಭಾರತಕ್ಕೆ ಬರುವ ವಯಸ್ಕರೊಬ್ಬರಿಗೆ ಸುಂಕವಿಲ್ಲದೆ 2 ಲೀಟರ್. ಬಾಟಲಿ 750 ಮಿ.ಲೀ. ಆದ್ದರಿಂದ ಎರಡು, ಮೂರನೆಯದು ಬಂದರೆ 2.25 ಲೀಟರ್ ಆಗಿ ಮಿತಿ ದಾಟಿತು. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸಿನ ನಟ್ಟನಡುವೆ ಇಡಬೇಕು. ಅಲ್ಸಾಸ್ ಬಾಟಲಿಯ ಕತ್ತು ಉದ್ದ, ಹೊಡೆತ ಬಿದ್ದರೆ ಅಲ್ಲೇ ಮುರಿಯುತ್ತದೆ. ಕತ್ತಿಗೆ ಕಾಲುಚೀಲ ತೊಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಮೇಲೆ ಜೀನ್ಸ್ ಪ್ಯಾಂಟು ಸುತ್ತಿ. ಎರಡು ಬಾಟಲಿ ಒಂದಕ್ಕೊಂದು ತಾಕದಿರಲಿ.

ಟುರ್ಕೈಮ್‌ನಲ್ಲಿ ರಾತ್ರಿ ಕಾವಲುಗಾರ ಹಾಡುತ್ತ ಬರುತ್ತಾನಂತೆ, ಹೌದೇ?
— ಓದುಗರು, ಚಿಕ್ಕಮಗಳೂರು

ಹೌದು. ಮೇ 1ರಿಂದ ಅಕ್ಟೋಬರ್ 31ರವರೆಗೆ ಪ್ರತಿ ರಾತ್ರಿ ಹತ್ತು ಗಂಟೆಗೆ ಹಳೇ ಕಾವಲುಮನೆಯ ಮುಂದೆ ಹೊರಡುತ್ತಾನೆ. ಉದ್ದ ಕೋಟು, ಕೈಯಲ್ಲಿ ಲಾಟೀನು ಮತ್ತು ಭರ್ಜಿ. ಬೆಂಕಿ, ದೀಪ ಆರಿಸಿ ಮಲಗಿರೆಂದು ಮೂಲೆಮೂಲೆಯಲ್ಲಿ ನಿಂತು ಹಾಡುತ್ತಾನೆ. ಅವನ ಹಿಂದೆ ನಡೆಯಲು ಚೀಟಿ ಬೇಕಿಲ್ಲ. ಮುಗಿಯುವ ಹೊತ್ತಿಗೆ ಕೋಲ್ಮಾರ್‌ಗೆ ರೈಲು ಇರುತ್ತದೆಂದು ನಂಬಿಕೊಂಡು ಹೋಗಬೇಡಿ. ಆ ರಾತ್ರಿ ಅಲ್ಲೇ ಕೋಣೆ ಹಿಡಿಯಿರಿ, ಇಲ್ಲವೇ ಟ್ಯಾಕ್ಸಿಯನ್ನು ಹಗಲಲ್ಲೇ ಹೇಳಿಟ್ಟಿರಿ.